ದೂರಕರೆಯ ಇತಿಹಾಸದಲ್ಲಿ ಕರೆದವನ ದೋಷನಿವೇದನೆ

ಜಾಲದಿಂದ ಜೋಡಿಸಲ್ಪಟ್ಟ ಎರಡು ಗಣಕಯಂತ್ರಗಳಲ್ಲಿ ಒಂದು ಮತ್ತೊಂದರಿಂದ ಕೆಲಸ ಮಾಡಿಸಿಕೊಳ್ಳುವ ಬಗೆಗಳು ಹಲವು. ಅವುಗಳಲ್ಲಿ ಬಹಳ ಪ್ರಚಾರಕ್ಕೆ ಬಂದಿರುವುದು ‘ರಿಮೋಟ್ ಪ್ರೊಸೀಜರ್ ಕಾಲ್’ ಎಂಬುದು. ಪ್ರೊಸೀಜರ್ ಎಂದರೆ ಒಂದು ಕ್ರಮವಿಧಿಯೊಳಗೆ ಹೆಸರಿಟ್ಟು ಪ್ರತ್ಯೇಕಿಸಿದ ಕಾರ್ಯಭಾಗ. ಕ್ರಮವಿಧಿಯ ಬೇರೊಂದು ಭಾಗವು ಆ ಹೆಸರು ಹಿಡಿದು ಕರೆದು, ಬೇಕಾದ ಸಾಮಗ್ರಿಯನ್ನು ಒಪ್ಪಿಸಿ, ಫಲವನ್ನು ಪಡೆಯುವುದು. ಕರೆದ ಭಾಗ ಒಂದು ಯಂತ್ರದಲ್ಲಿಯೂ ಕರೆಯಲ್ಪಟ್ಟ ಭಾಗ ಇನ್ನೊಂದರಲ್ಲಿಯೂ ಇದ್ದರೆ ಅದು ದೂರದ ಕರೆ. ಪ್ರಕೃತ ಲೇಖನದಲ್ಲಿ ಇದನ್ನು ‘ದೂರಕರೆ’ ಎಂದೇ ವ್ಯವಹರಿಸಲಾಗುವುದು. ಕರೆಯುವ ಪಕ್ಷಕ್ಕೆ ಕ್ಲೈಂಟ್ ಎಂದೂ ಉತ್ತರ ಕೊಡುವ ಪಕ್ಷಕ್ಕೆ ಸರ್ವರ್ ಎಂದೂ ರೂಢಿಯ ಹೆಸರು.

ಆದಿಯಲ್ಲಿ ದೂರಕರೆಯೆಂದರೆ ಒಂದು ಪ್ರಶ್ನೆ, ಒಂದು ಉತ್ತರ, ಇಷ್ಟೇ. ಕಾಲಕ್ರಮದಲ್ಲಿ ಅದು ಬೆಳೆದು, ಒಂದೇ ಕರೆಯೊಳಗೆ ಎರಡು ಪಕ್ಷಗಳೂ ಏಕಕಾಲದಲ್ಲಿ ಸಂದೇಶಗಳ ಸಾಲನ್ನೇ ಹರಿಯಿಸಬಹುದಾದ ‘ಉಭಯಮುಖ ಪ್ರವಾಹ’ದ ರೂಪವನ್ನು ತಾಳಿತು. ಈ ರೂಪದಲ್ಲಿ ಒಂದು ವೈಷಮ್ಯವು ಕಂಡುಬರುವುದು. ನಡುವೆ ಸರ್ವರಿನಲ್ಲಿ ದೋಷವುಂಟಾದರೆ ಅದು ದೋಷದ ಜಾತಿಯನ್ನು ಸಂಖ್ಯೆಯಿಂದಲೂ, ಕಾರಣವನ್ನು ಮಾತಿನಿಂದಲೂ ತಿಳಿಸಿ ಕರೆಯನ್ನು ಮುಗಿಸಬಲ್ಲದು. ಅದೇ ದೋಷವು ಕ್ಲೈಂಟಿನಲ್ಲಿ ಉಂಟಾದರೆ ಅದಕ್ಕೆ ಅಂಥ ಮಾತೊಂದಿಲ್ಲ. ‘ನನ್ನದು ಮುಗಿಯಿತು’ ಎಂದು ಸುಮ್ಮನಾಗಬಹುದು, ಇಲ್ಲವೆ ಕರೆಯನ್ನೇ ರದ್ದುಮಾಡಿ ಎದ್ದುಹೋಗಬಹುದು. ಎರಡು ಪಕ್ಷಗಳೂ ಸಮಾನವಾಗಿ ಮಾತಾಡಬಹುದಾದ ಏರ್ಪಾಡಿನಲ್ಲಿ ದೋಷವನ್ನು ಹೇಳುವ ಅಧಿಕಾರ ಮಾತ್ರ ಒಂದು ಪಕ್ಷಕ್ಕೇ ಉಳಿದದ್ದು ಹೇಗೆ ಎಂಬುದೇ ಇಲ್ಲಿಯ ವಿಚಾರ. ಇದು ಯಂತ್ರದ ಅಶಕ್ತಿಯಿಂದ ಬಂದುದಲ್ಲ. ‘ಕರೆ’ ಎಂಬ ರೂಪಕದಿಂದ ಬಂದುದು ಎಂಬುದನ್ನು ಇತಿಹಾಸವು ತೋರಿಸುತ್ತದೆ.

ಮೊದಲು ದೋಷಗಳ ವಿಭಾಗವನ್ನು ಮಾಡಿಕೊಳ್ಳುವುದು ಅವಶ್ಯಕ. ಕರೆದ ಪಕ್ಷದಲ್ಲಿ ಮೂರು ಬಗೆಯ ವಿಪತ್ತುಗಳು ಸಂಭವಿಸುವುವು. ಕ್ಲೈಂಟೇ ಕೆಟ್ಟುನಿಲ್ಲುವುದು ಅಥವಾ ಜಾಲವು ಕಡಿದುಹೋಗುವುದು ಒಂದು. ಕ್ಲೈಂಟು ಆರೋಗ್ಯವಾಗಿದ್ದು, ಫಲವು ಇನ್ನು ಬೇಡವೆಂದು ಮನಸ್ಸು ಬದಲಾಯಿಸುವುದು ಎರಡನೆಯದು. ಕ್ಲೈಂಟೂ ಜೀವಂತ, ಸಂಪರ್ಕವೂ ಸುಸ್ಥಿತ. ಆದರೆ ತಾನು ಕಳುಹಿಸಬೇಕಾದ ಸಾಮಗ್ರಿಯಲ್ಲಿಯೋ ತನಗೆ ಬಂದ ಸಂದೇಶದಲ್ಲಿಯೋ ಕ್ಲೈಂಟು ದೋಷವನ್ನು ಕಾಣುವುದು ಮೂರನೆಯದು. ಮೊದಲನೆಯದರಲ್ಲಿ ಹೇಳಲು ಬಾಯೇ ಇಲ್ಲ. ಎರಡನೆಯದರಲ್ಲಿ ಹೇಳಬೇಕಾದುದು ಹೆಚ್ಚಿಲ್ಲ. ಮೂರನೆಯದರಲ್ಲಿ ಹೇಳಬೇಕಾದುದೂ ಇದೆ, ಹೇಳುವ ಬಾಯಿಯೂ ಇದೆ, ಮಾತು ಮಾತ್ರ ಇಲ್ಲ. ದೂರಕರೆಯ ನಿರ್ಮಾಪಕರು ಮೊದಲಿನೆರಡನ್ನು ಆರಂಭದಿಂದಲೂ ಚಿಂತಿಸಿದರು. ಮೂರನೆಯದು ಬಹುಕಾಲ ಅವರ ಕಣ್ಣಿಗೆ ಬೀಳಲಿಲ್ಲ.

ದೂರಕರೆಯ ಭಾವನೆ ಮೊದಲು ವಿಶದವಾಗಿ ಕಾಣುವುದು ೧೯೭೬ರ ಜನವರಿಯಲ್ಲಿ ಹೊರಬಂದ ೭೦೭ನೆಯ ಆರ್‌ಎಫ್‌ಸಿ ಪತ್ರದಲ್ಲಿ. ಆರ್‌ಎಫ್‌ಸಿಗಳೆಂದರೆ ಅಮೆರಿಕದ ಅರ್ಪಾನೆಟ್ ಜಾಲವನ್ನು ಕಟ್ಟಿದವರು ಪರಸ್ಪರ ವಿಮರ್ಶೆಗಾಗಿ ಹೊರಡಿಸುತ್ತಿದ್ದ, ಈಗಲೂ ಹೊರಡುತ್ತಿರುವ, ಪತ್ರಮಾಲೆ. ಈ ಪತ್ರದ ಕರ್ತೃ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನ ಜೇಮ್ಸ್ ವೈಟ್. ಆ ಕಾಲದಲ್ಲಿ ಜಾಲದ ಒಂದೊಂದು ಕಾರ್ಯಕ್ಕೂ ಒಂದೊಂದು ಬೇರೆಯ ನಿಯಮಾವಳಿಯನ್ನು ರಚಿಸಬೇಕಾಗಿತ್ತು. ಅವುಗಳೆಲ್ಲಕ್ಕೂ ಸಾಮಾನ್ಯವಾದ ಒಂದು ತಳಹದಿ ಬೇಕೆಂದೂ, ಕ್ರಮವಿಧಿಕಾರರಿಗೆ ಚಿರಪರಿಚಿತವಾದ ಪ್ರೊಸೀಜರಿನ ಕರೆಯೇ ಆ ತಳಹದಿಯಾಗಬಹುದೆಂದೂ ವೈಟರು ಪ್ರತಿಪಾದಿಸಿದರು. ಅವರ ಯೋಜನೆಯಲ್ಲಿ ಸಂದೇಶಗಳು ಎರಡೇ: ಆಜ್ಞೆ ಮತ್ತು ಪ್ರತ್ಯುತ್ತರ. ಕಾರ್ಯವು ಸಫಲವೋ ವಿಫಲವೋ ಎಂಬುದನ್ನು ಪ್ರತ್ಯುತ್ತರವು ತಿಳಿಸುವುದು. ವಿಫಲವಾದರೆ ದೋಷದ ಸಂಖ್ಯೆಯನ್ನೂ ಅದರ ವಿವರಣೆಯ ಮಾತನ್ನೂ ಹೊತ್ತು ತರುವುದು. ಆಜ್ಞೆಯಲ್ಲಿ ಅಂಥ ಸ್ಥಾನವಿಲ್ಲ. ಇರಬೇಕಾದ ಕಾರಣವೂ ಇರಲಿಲ್ಲ. ಆಜ್ಞೆ ಹೊರಡುವ ಹೊತ್ತಿಗೆ ಕರೆದವನ ಪಾಲಿನ ಮಾತೆಲ್ಲ ಮುಗಿದಿರುವುದು. ಸಾಮಗ್ರಿಯಲ್ಲಿ ಕೊರತೆಯಿದ್ದರೆ ಅವನು ಕರೆಯುವುದಕ್ಕೆ ಮುಂಚೆಯೇ ತಡೆದುಕೊಳ್ಳುವನು.

ವೈಟರು ತಮ್ಮ ರೂಪಕವನ್ನು ಕುರುಡಾಗಿ ನಂಬಿದವರಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಮನೆಯೊಳಗಿನ ಕರೆ ಅಗ್ಗ, ದೂರದ ಕರೆ ದುಬಾರಿ ಎಂದೂ, ಸಾಮಾನ್ಯ ಕ್ರಮವಿಧಿಯಲ್ಲಿ ನಡೆಯುವ ಕೈ ಒಂದೇ, ಹರಡಿಕೊಂಡ ಕ್ರಮವಿಧಿಯಲ್ಲಿ ಹಾಗಿರಬೇಕಾಗಿಲ್ಲ ಎಂದೂ ಎರಡು ಎಚ್ಚರಿಕೆಗಳನ್ನು ಅವರೇ ಕೊಟ್ಟಿರುವರು. ಎರಡನೆಯ ಎಚ್ಚರಿಕೆಯು ಉಭಯಮುಖ ಪ್ರವಾಹದ ಬೀಜ. ಆ ಬೀಜವನ್ನು ಬಿತ್ತಿದವರೂ ದೋಷದ ಸ್ಥಾನವನ್ನು ಪ್ರತ್ಯುತ್ತರದಲ್ಲಿ ಮಾತ್ರ ಇಟ್ಟರೆಂಬುದು ಗಮನಾರ್ಹ.

‘ರಿಮೋಟ್ ಪ್ರೊಸೀಜರ್ ಕಾಲ್’ ಎಂಬ ಹೆಸರನ್ನು ಶಾಸ್ತ್ರದಲ್ಲಿ ನೆಲೆಗೊಳಿಸಿದ ಕೀರ್ತಿ ಬ್ರೂಸ್ ಜೇ ನೆಲ್ಸನ್ನರದು. ೧೯೮೧ರಲ್ಲಿ ಕಾರ್ನೆಗೀ ಮೆಲನ್ ವಿಶ್ವವಿದ್ಯಾನಿಲಯಕ್ಕೆ ಅವರು ಸಲ್ಲಿಸಿದ ಪ್ರಬಂಧಕ್ಕೆ ಅದೇ ಶಿರೋನಾಮ. ಕರೆದವನು ಕೆಟ್ಟುಹೋದ ಮೇಲೂ ದೂರದ ಯಂತ್ರದಲ್ಲಿ ಅವನಿಗಾಗಿ ನಡೆಯುತ್ತಲೇ ಇರುವ ಕೆಲಸದ ವಿಚಾರವು ಅಲ್ಲಿ ವಿಸ್ತಾರವಾಗಿ ಬಂದಿದೆ. ಅಂಥ ಕೆಲಸಕ್ಕೆ ‘ಅನಾಥ’ವೆಂದು ಹೆಸರು. ಅನಾಥಗಳ ಪರಿಹಾರಕ್ಕೆ ಅಲ್ಲಿ ಹೇಳಿದ ಉಪಾಯಗಳ ಹೆಸರುಗಳನ್ನು ಕೇಳಿದರೆ ಪುರಾಣವನ್ನು ಓದಿದಂತಾಗುವುದು. ಸಂಹಾರವು ಒಂದು: ಕರೆಯುವ ಮುಂಚೆ ಕ್ಲೈಂಟು ಲೆಕ್ಕ ಬರೆದಿಟ್ಟಿದ್ದು, ಮತ್ತೆ ಎದ್ದಮೇಲೆ ಆ ಲೆಕ್ಕವನ್ನು ನೋಡಿ ಅನಾಥಗಳನ್ನು ಹುಡುಕಿ ಕೊಲ್ಲುವುದು. ಪುನರ್ಜನ್ಮವು ಮತ್ತೊಂದು: ಕ್ಲೈಂಟು ಎದ್ದಾಗ ಹೊಸ ಯುಗವು ಹುಟ್ಟಿತೆಂದು ಸಾರುವುದು, ಹಳೆಯ ಯುಗದ ಕೆಲಸಗಳೆಲ್ಲ ಆಗ ಅಳಿಯುವುವು. ಅವಧಿಮುಕ್ತಾಯವು ಇನ್ನೊಂದು: ಪ್ರತಿಯೊಂದು ಕೆಲಸಕ್ಕೂ ಇಷ್ಟು ಆಯುಸ್ಸೆಂದು ಕೊಟ್ಟು, ಸಾಲದಿದ್ದರೆ ಮತ್ತಷ್ಟನ್ನು ಬೇಡಿಕೊಳ್ಳುವಂತೆ ಮಾಡುವುದು. ಇವೆಲ್ಲವೂ ಮೇಲೆ ಹೇಳಿದ ಮೊದಲನೆಯ ಬಗೆಯ ವಿಪತ್ತಿಗೆ ಸಂಬಂಧಿಸಿದುವು. ಕರೆದವನು ಸತ್ತರೆ ಮಾಡಬೇಕಾದ ಕರ್ಮಗಳ ವಿಧಿ ಇಷ್ಟು ಸಾಂಗವಾಗಿ ಬೆಳೆದಿರುವಾಗ, ಬದುಕಿರುವ ಕರೆದವನು ತನ್ನ ದೋಷವನ್ನು ಒಪ್ಪಿಕೊಳ್ಳುವ ವಿಧಿ ಒಂದೂ ಕಾಣದು.

ಆಂಡ್ರೂ ಬಿರೆಲ್ ಮತ್ತು ನೆಲ್ಸನ್ ಇಬ್ಬರೂ ಸೇರಿ ೧೯೮೪ರ ಫೆಬ್ರವರಿಯಲ್ಲಿ ಪ್ರಕಟಿಸಿದ ಲೇಖನವು ಈ ಶಾಸ್ತ್ರದಲ್ಲಿ ಆಕರಗ್ರಂಥದ ಸ್ಥಾನವನ್ನು ಪಡೆದಿದೆ. ಜೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೋ ಸಂಶೋಧನಾಲಯದಲ್ಲಿ ಸೀಡರ್ ಎಂಬ ಏರ್ಪಾಡಿಗಾಗಿ ಅವರು ದೂರಕರೆಯನ್ನು ಪೂರ್ಣವಾಗಿ ನಿರ್ಮಿಸಿ ಅದರ ವಿವರಗಳನ್ನು ಅಲ್ಲಿ ಕೊಟ್ಟರು. ದೂರದ ಕರೆಯು ಆದಷ್ಟು ಮಟ್ಟಿಗೆ ಮನೆಯೊಳಗಿನ ಕರೆಯಂತೆಯೇ ತೋರಬೇಕು ಎಂಬುದು ಅವರ ನಿಯಮ. ಈ ನಿಯಮವನ್ನು ಅವರು ಎಷ್ಟು ದೂರ ಕೊಂಡೊಯ್ದರೆಂಬುದಕ್ಕೆ ಒಂದೇ ನಿದರ್ಶನ ಸಾಕು: ಸರ್ವರಿನ ಯಂತ್ರವು ಜೀವಂತವಾಗಿದೆಯೇ ಎಂದು ಕ್ಲೈಂಟು ಆಗಾಗ ಸಣ್ಣ ಪ್ಯಾಕೆಟ್ಟನ್ನು ಕಳುಹಿಸಿ ವಿಚಾರಿಸುವುದು; ಜೀವಂತವಾಗಿದೆಯೆಂದು ಮರುಮಾತು ಬರುತ್ತಿರುವವರೆಗೆ ಎಷ್ಟು ಕಾಲವಾದರೂ ಕಾಯುವುದು. ಸರ್ವರಿನ ಕ್ರಮವಿಧಿ ಒಳಗೇ ಸುತ್ತುತ್ತ ಕೂತಿದ್ದರೂ ಕಾಯುವುದೇ. ಮನೆಯೊಳಗಿನ ಕರೆಗೂ ಗಡುವು ಇಲ್ಲವಷ್ಟೆ!

ಅಪವಾದಸೂಚನೆಯ, ಎಂದರೆ ಎಕ್ಸೆಪ್ಷನ್ನಿನ, ವಿಷಯದಲ್ಲಿಯೂ ಅವರು ಹಾಗೆಯೇ ನಡೆದರು. ಅವರು ಬಳಸಿದ ಮೇಸಾ ಭಾಷೆಯಲ್ಲಿ ಕರೆಯಲ್ಪಟ್ಟ ಪ್ರೊಸೀಜರು ದೋಷವನ್ನು ಕಂಡಾಗ ಅಪವಾದವನ್ನು ಎಬ್ಬಿಸುವುದು. ಕರೆದವನು ಅದನ್ನು ಹಿಡಿದು ಸಮಾಧಾನ ಹೇಳಿದರೆ ಕೆಲಸವು ನಿಂತಲ್ಲಿಂದ ಮುಂದುವರಿಯಲೂಬಹುದು. ದೂರಕರೆಯಲ್ಲಿಯೂ ಸರ್ವರಿನಿಂದ ಅಪವಾದದ ಪ್ಯಾಕೆಟ್ಟು ಬಂದು, ಕ್ಲೈಂಟಿನ ಸಮಾಧಾನವು ಹಿಂದಿರುಗುವಂತೆ ಅವರು ಏರ್ಪಡಿಸಿದರು. ಎರಡು ಕಡೆಗೂ ಮಾತು ಹೋಗುವಂತೆ ಇಲ್ಲಿ ತೋರಿದರೂ ಉಪಕ್ರಮವು ಸರ್ವರಿನದೇ ಎಂಬುದನ್ನು ಮರೆಯಬಾರದು. ಇದಲ್ಲದೆ ‘ಕರೆ ವಿಫಲ’ವೆಂಬ ಒಂದು ಅಪವಾದವನ್ನು ಅವರು ಹೊಸದಾಗಿ ಸೇರಿಸಿದರು. ಸಂಪರ್ಕವು ಕೆಟ್ಟಾಗ ಕ್ಲೈಂಟಿನ ಪಕ್ಕದಲ್ಲಿಯೇ ಇರುವ ವಾಹಕಭಾಗವು ಅದನ್ನು ಎಬ್ಬಿಸುವುದು. ಅದೂ ಕ್ಲೈಂಟಿಗೆ ಹೇಳುವ ಮಾತೇ ಹೊರತು ಕ್ಲೈಂಟು ಹೇಳುವ ಮಾತಲ್ಲ. ಪ್ರೊಸೀಜರಿನ ಕರೆಯಲ್ಲಿ ಅಪವಾದವು ಯಾವಾಗಲೂ ಕರೆಯಲ್ಪಟ್ಟವನಿಂದ ಕರೆದವನ ಕಡೆಗೆ ಏರುವುದು. ರೂಪಕವನ್ನು ಸ್ವೀಕರಿಸಿದವರು ಈ ದಿಕ್ಕನ್ನೂ ಅದರೊಡನೆಯೇ ಸ್ವೀಕರಿಸಿದರು.

ಅದೇ ವರ್ಷಗಳಲ್ಲಿ ಬೇರೊಂದು ಪರಂಪರೆಯೂ ಬೆಳೆಯುತ್ತಿದ್ದಿತು. ಅಲ್ಲಿಯ ರೂಪಕ ಕರೆಯಲ್ಲ, ಸಂಭಾಷಣೆ. ಜಾನ್ ಪಾಸ್ಟೆಲ್ಲರ ಸಂಪಾದಕತ್ವದಲ್ಲಿ ೧೯೮೧ರ ಸೆಪ್ಟೆಂಬರಿನಲ್ಲಿ ಹೊರಬಂದ ೭೯೩ನೆಯ ಆರ್‌ಎಫ್‌ಸಿ ಪತ್ರವು ಟಿಸಿಪಿ ನಿಯಮಾವಳಿಯನ್ನು ಸ್ಥಿರಪಡಿಸಿತು. ಅದರಲ್ಲಿ ಮುಚ್ಚುವುದೆಂದರೆ ‘ಕಳುಹಿಸುವುದಕ್ಕೆ ಇನ್ನೇನೂ ಇಲ್ಲ’ ಎಂದಷ್ಟೇ ಅರ್ಥ. ಮುಚ್ಚಿದ ಪಕ್ಷವು ಎದುರಿನವನ ಮಾತನ್ನು ಕೇಳುತ್ತಲೇ ಇರಬಹುದು. ಇದು ಅರ್ಧಸಮಾಪ್ತಿ. ಇದಕ್ಕೆ ಭಿನ್ನವಾಗಿ, ಇದ್ದಕ್ಕಿದ್ದಂತೆ ಸಂಪರ್ಕವನ್ನು ಕಡಿಯುವ ಸಂಕೇತವೊಂದಿದೆ. ಶಾಂತವಾದ ಮುಗಿತಾಯ, ಒರಟಾದ ಕಡಿತ: ಈ ಎರಡೇ ದ್ವಾರಗಳು ಮುಂದೆ ಹಲವು ಏರ್ಪಾಡುಗಳಿಗೆ ಪಿತ್ರಾರ್ಜಿತವಾಗಿ ಬಂದುವು. ಟಿಸಿಪಿಯ ಮಟ್ಟದಲ್ಲಿ ಇದು ನ್ಯೂನತೆಯಲ್ಲ. ಅದು ಸಾಗಿಸುವುದು ಅರ್ಥವಿಲ್ಲದ ಅಕ್ಷರರಾಶಿಯನ್ನು. ಅರ್ಥವಿಲ್ಲದೆಡೆಯಲ್ಲಿ ಅರ್ಥದ ದೋಷವೂ ಇಲ್ಲ.

ಸಂಭಾಷಣೆಯ ರೂಪಕವನ್ನು ಅರ್ಥದ ಮಟ್ಟಕ್ಕೆ ಏರಿಸಿದವರು ಐಬಿಎಂ ಸಂಸ್ಥೆಯವರು. ೧೯೮೦ರ ದಶಕದ ಪೂರ್ವಾರ್ಧದಲ್ಲಿ ಅವರು ಪ್ರಚಾರಕ್ಕೆ ತಂದ ಎಲ್‌ಯು ೬.೨ ಎಂಬ ವ್ಯವಸ್ಥೆಯಲ್ಲಿ ಎರಡು ಕ್ರಮವಿಧಿಗಳ ಸಂಬಂಧಕ್ಕೆ ‘ಕಾನ್‌ವರ್ಸೇಷನ್’ ಎಂದೇ ಹೆಸರು. ಒಂದು ಹೊತ್ತಿಗೆ ಒಬ್ಬನೇ ಮಾತಾಡಬೇಕು. ಮಾತಿನ ಸರದಿ ಕೈಯಿಂದ ಕೈಗೆ ಹೋಗುವುದು. ಅಲ್ಲಿಯ ಕ್ರಿಯಾಪದಗಳಲ್ಲಿ ‘ಸೆಂಡ್ ಎರರ್’ ಎಂಬುದೊಂದುಂಟು. ಸಂಭಾಷಣೆಯನ್ನು ಆರಂಭಿಸಿದವನಾಗಲಿ ಒಪ್ಪಿಕೊಂಡವನಾಗಲಿ ಇದನ್ನು ಪ್ರಯೋಗಿಸಬಹುದು. ಕೇಳುತ್ತಿರುವವನು ಪ್ರಯೋಗಿಸಿದರೆ, ಬರುತ್ತಿದ್ದ ಮಾತು ಅಲ್ಲಿಗೇ ನಿಂತು ಸರದಿಯು ಅವನಿಗೆ ಬರುವುದು. ಆಮೇಲೆ ಅವನು ದೋಷವನ್ನು ವಿವರಿಸಬಹುದು. ಸಂಭಾಷಣೆಯನ್ನು ಮುಗಿಸುವಾಗಲೂ, ಸಹಜವಾಗಿ ಮುಗಿಯಿತೋ ವಿಪತ್ತಿನಿಂದ ಮುಗಿಯಿತೋ ಎಂಬುದನ್ನು ಬೇರೆಬೇರೆಯಾಗಿ ಸೂಚಿಸುವ ಕ್ರಮವಿದ್ದಿತು. ಮೂರನೆಯ ಬಗೆಯ ದೋಷಕ್ಕೆ ಬೇಕಾದ ಮಾತು ಇಲ್ಲಿ ಸಿದ್ಧವಾಗಿಯೇ ಇದ್ದಿತೆಂದು ಇದರಿಂದ ಸ್ಪಷ್ಟವಾಗುತ್ತದೆ. ದೂರಕರೆಯ ಪರಂಪರೆಯವರು ಅದನ್ನು ತೆಗೆದುಕೊಳ್ಳಲಿಲ್ಲ. ಸರದಿಯ ಮಾತು ನಿಧಾನ, ಅದರ ನಿಯಮಗಳು ಜಟಿಲ, ಕರೆಯ ರೂಪವಾದರೋ ಸರಳ ಮತ್ತು ಸುಂದರ. ಸೌಂದರ್ಯಕ್ಕೆ ಮನಸೋತವರನ್ನು ಬಹಳ ನಿಂದಿಸುವುದೂ ತರವಲ್ಲ.

ಕರೆ ಮತ್ತು ಪ್ರವಾಹಗಳನ್ನು ಕೂಡಿಸುವ ಯತ್ನಗಳು ೧೯೮೮ರಲ್ಲಿ ಕಾಣಬರುತ್ತವೆ. ಆ ವರ್ಷ ಡೇವಿಡ್ ಗಿಫರ್ಡ್ ಮತ್ತು ನೇಥನ್ ಗ್ಲಾಸರ್ ಎಂಬವರು ದೂರಕರೆಗಳ ಜೊತೆಯಲ್ಲಿ ದೂರನಾಳಗಳನ್ನು ಸೂಚಿಸಿದರು. ಬಾರ್ಬರಾ ಲಿಸ್ಕೋವ್ ಮತ್ತು ಲಿಯೂಬಾ ಶ್ರೀರಾ ಎಂಬವರು ಉತ್ತರಕ್ಕೆ ಕಾಯದೆ ಕರೆಗಳನ್ನು ಸಾಲಾಗಿ ಹರಿಯಬಿಡುವ ‘ಪ್ರಾಮಿಸ್’ ಎಂಬ ಏರ್ಪಾಡನ್ನು ವಿವರಿಸಿದರು. ಎರಡನೆಯದರಲ್ಲಿ ಪ್ರವಾಹವು ಮುರಿದರೆ ಕ್ಲೈಂಟಿಗೆ ತಿಳಿಯುವ ಅಪವಾದಗಳು ಎರಡು, ತಾತ್ಕಾಲಿಕವಾದ ಅಲಭ್ಯತೆ ಮತ್ತು ಶಾಶ್ವತವಾದ ವೈಫಲ್ಯ. ಇಲ್ಲಿಯೂ ದಿಕ್ಕು ಹಳೆಯದೇ. ಮುಂದಿನ ದಶಕದಲ್ಲಿ ಪ್ರಚಾರಕ್ಕೆ ಬಂದ ಡಿಸಿಇ ಎಂಬ ವ್ಯವಸ್ಥೆಯು ಕರೆಯ ಸಾಮಗ್ರಿಯಾಗಿ ‘ಪೈಪ್’ ಎಂಬುದನ್ನು ಒಪ್ಪಿಕೊಂಡಿತು; ಇದರಿಂದ ಮೊದಲೇ ಅಳತೆ ತಿಳಿಯದ ಸಾಮಗ್ರಿಯನ್ನು ಕರೆ ನಡೆಯುತ್ತಿರುವಾಗಲೇ ಹರಿಯಿಸಬಹುದಾಯಿತು. ೧೯೯೭ರಲ್ಲಿ ಓಪನ್ ಗ್ರೂಪ್ ಪ್ರಕಟಿಸಿದ ಅದರ ನಿಯಮಸಂಹಿತೆಯಲ್ಲಿ ಕ್ಲೈಂಟು ಕಳುಹಿಸಬಹುದಾದ ಎರಡು ಸೂಚನೆಗಳು ಉಕ್ತವಾಗಿವೆ. ‘ರದ್ದು’ ಒಂದು, ‘ಅನಾಥ’ ಇನ್ನೊಂದು. ನೆಲ್ಸನ್ನರ ಅನಾಥನು ಇಲ್ಲಿ ರೂಪಾಂತರ ಹೊಂದಿರುವನು. ಅಲ್ಲಿ ತಂದೆ ಸತ್ತಿದ್ದನು. ಇಲ್ಲಿ ತಂದೆ ಬದುಕಿದ್ದುಕೊಂಡೇ ‘ಈ ಮಗುವಿಗೆ ನಾನು ಇನ್ನಿಲ್ಲ’ ಎಂದು ಪತ್ರ ಬರೆದು ಕಳುಹಿಸುವನು. ಕರೆದವನ ಕಡೆಯಿಂದ ಏನಾದರೂ ಹೇಳಲು ಸಾಧ್ಯವಾದುದು ದೊಡ್ಡ ಮುನ್ನಡೆಯೇ ಸರಿ. ಆದರೆ ಹೇಳಿದುದು ತ್ಯಾಗವನ್ನು, ಕಾರಣವನ್ನಲ್ಲ.

ಸರ್ವರಿನ ಕಡೆಯ ಸ್ಥಿತಿಯು ಕ್ಲೈಂಟಿಗೆ ಎಷ್ಟು ತಿಳಿಯುವುದು ಎಂಬ ವಿಚಾರವಂತೂ ಈ ಕಾಲದಲ್ಲಿ ಬಹಳ ಸೂಕ್ಷ್ಮವಾಗಿ ಬೆಳೆಯಿತು. ೧೯೯೧ರಲ್ಲಿ ಆರಂಭವಾದ ಕೋರ್ಬಾ ನಿಯಮಸಂಹಿತೆಯ ಪರಂಪರೆಯಲ್ಲಿ ಕ್ಲೈಂಟಿಗೆ ಬರುವ ಅಪವಾದದೊಡನೆ ಕಾರ್ಯವು ‘ಆಯಿತು’, ‘ಆಗಲಿಲ್ಲ’, ‘ಆಗಿರಬಹುದು’ ಎಂಬ ಮೂರರಲ್ಲಿ ಒಂದು ಗುರುತು ಬರುವುದು. ಜೈನರ ಸ್ಯಾದ್ವಾದವನ್ನು ಬಲ್ಲವರಿಗೆ ಮೂರನೆಯ ಗುರುತು ವಿಸ್ಮಯವನ್ನುಂಟುಮಾಡದು. ೧೯೯೪ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯ ಜಿಮ್ ವಾಲ್ಡೊ ಮೊದಲಾದ ನಾಲ್ವರು, ಮನೆಯ ಕರೆಯನ್ನೂ ದೂರದ ಕರೆಯನ್ನೂ ಒಂದೇ ಎಂದು ಭಾವಿಸುವುದು ತಪ್ಪೆಂದು ವಾದಿಸಿದರು. ಒಂದೇ ಯಂತ್ರದಲ್ಲಿ ಎಲ್ಲವೂ ಇರುವಾಗ ಕೆಟ್ಟರೆ ಎಲ್ಲವೂ ಕೆಡುವುದು. ದೂರದಲ್ಲಿ ಒಂದು ಭಾಗ ಕೆಟ್ಟು ಮತ್ತೊಂದು ಉಳಿಯುವುದು. ಈ ಅಂಶಿಕ ವೈಫಲ್ಯವನ್ನು ಯಾವ ರೂಪಕವೂ ಮುಚ್ಚಲಾರದು ಎಂಬುದು ಅವರ ವಾದದ ಸಾರ. ಈ ವಿಮರ್ಶೆಯು ಯುಕ್ತವಾದುದೇ. ಆದರೂ ಅದು ನೋಡಿದುದು ಕರೆಯಲ್ಪಟ್ಟವನು ಕೆಡುವ ಪಕ್ಷವನ್ನೇ ಹೆಚ್ಚಾಗಿ.

ಇನ್ನು ಪ್ರಕೃತಕ್ಕೆ ಬರಬಹುದು. ಗೂಗಲ್ ಸಂಸ್ಥೆಯು ತನ್ನೊಳಗೆ ಸ್ಟಬ್ಬಿ ಎಂಬ ಹೆಸರಿನಿಂದ ಬಹುಕಾಲ ಬಳಸಿದ ದೂರಕರೆಯ ಏರ್ಪಾಡನ್ನು ಹೊಸದಾಗಿ ರಚಿಸಿ, ೨೦೧೫ರಲ್ಲಿ ಜಿಆರ್‌ಪಿಸಿ ಎಂಬ ಹೆಸರಿನಿಂದ ಸರ್ವರಿಗೂ ಬಿಟ್ಟುಕೊಟ್ಟಿತು. ಇದರಲ್ಲಿ ಕರೆಗಳು ನಾಲ್ಕು ವಿಧ: ಒಂದು ಪ್ರಶ್ನೆಗೆ ಒಂದು ಉತ್ತರ, ಒಂದು ಪ್ರಶ್ನೆಗೆ ಉತ್ತರಗಳ ಪ್ರವಾಹ, ಪ್ರಶ್ನೆಗಳ ಪ್ರವಾಹಕ್ಕೆ ಒಂದು ಉತ್ತರ, ಎರಡು ಕಡೆಯೂ ಪ್ರವಾಹ. ಇದಕ್ಕೆ ವಾಹನವಾದುದು ಅದೇ ವರ್ಷದ ಮೇ ತಿಂಗಳಿನಲ್ಲಿ ೭೫೪೦ನೆಯ ಆರ್‌ಎಫ್‌ಸಿ ಪತ್ರವಾಗಿ ಹೊರಬಂದ ಎಚ್‌ಟಿಟಿಪಿ/೨. ಒಂದು ಸಂಪರ್ಕದೊಳಗೆ ಅನೇಕ ಪ್ರವಾಹಗಳು. ಪ್ರತಿಯೊಂದಕ್ಕೂ ತೆರೆದ ಸ್ಥಿತಿ, ಅರ್ಧ ಮುಚ್ಚಿದ ಸ್ಥಿತಿ, ಮುಚ್ಚಿದ ಸ್ಥಿತಿ. ಟಿಸಿಪಿಯ ಅರ್ಧಸಮಾಪ್ತಿಯೇ ಇಲ್ಲಿ ಒಂದು ಅಂತಸ್ತು ಮೇಲೆ ಮರಳಿ ಹುಟ್ಟಿದೆ. ಒರಟಾದ ಕಡಿತವೂ ಹಾಗೆಯೇ ಬಂದಿದೆ: ಪ್ರವಾಹವನ್ನು ಕಡಿಯುವ ಚೌಕಟ್ಟಿನೊಳಗೆ ಇರುವುದು ನಾಲ್ಕು ಬೈಟುಗಳ ಒಂದು ಸಂಖ್ಯೆ ಮಾತ್ರ. ಅದರಲ್ಲಿ ಮಾತಿಗೆ ಎಡೆಯಿಲ್ಲ.

ಜಿಆರ್‌ಪಿಸಿಯ ನಿಯಮಾವಳಿಯಲ್ಲಿ ಪ್ರಶ್ನೆಯ ಮತ್ತು ಉತ್ತರದ ಆಕಾರಗಳನ್ನು ಸೂತ್ರರೂಪದಲ್ಲಿ ಹೇಳಿದೆ. ಉತ್ತರವೆಂದರೆ ತಲೆಬರಹ, ಸಂದೇಶಗಳು, ಕೊನೆಯಲ್ಲಿ ಹಿಂಬರಹ. ಪ್ರಶ್ನೆಯೆಂದರೆ ತಲೆಬರಹ, ಸಂದೇಶಗಳು, ಕೊನೆಯಲ್ಲಿ ‘ಪ್ರವಾಹಾಂತ್ಯ’ದ ಗುರುತು. ಈ ಎರಡು ಸೂತ್ರಗಳ ಅಂತರದಲ್ಲಿಯೇ ಪ್ರಕೃತ ಸಮಸ್ಯೆಯೆಲ್ಲ ಅಡಗಿದೆ. ಸರ್ವರಿನ ಹಿಂಬರಹದಲ್ಲಿ ೦ಯಿಂದ ೧೬ರವರೆಗಿನ ಹದಿನೇಳು ಸ್ಥಿತಿಸಂಖ್ಯೆಗಳಲ್ಲಿ ಒಂದೂ, ಅದರೊಡನೆ ವಿವರಣೆಯ ಮಾತೂ ಇರುವುವು. ಕ್ಲೈಂಟಿನ ಪ್ರವಾಹಾಂತ್ಯವು ಒಂದು ಬರಿಯ ಗುರುತು. ವಾಹನವಾದ ಎಚ್‌ಟಿಟಿಪಿ/೨ರಲ್ಲಿ ಪ್ರಶ್ನೆಗೂ ಹಿಂಬರಹವನ್ನಿಡಲು ಅವಕಾಶವಿದ್ದಿತೆಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ವಾಹನವು ಒಪ್ಪಿದುದನ್ನು ದೂರಕರೆಯ ಸೂತ್ರವು ಸ್ವೀಕರಿಸಲಿಲ್ಲ. ೧೯೭೬ರಲ್ಲಿ ವೈಟರು ದೋಷಸಂಖ್ಯೆಗೂ ವಿವರಣೆಗೂ ಪ್ರತ್ಯುತ್ತರದಲ್ಲಿ ಮಾತ್ರ ಸ್ಥಾನ ಕೊಟ್ಟಿದ್ದರು. ಸುಮಾರು ನಲವತ್ತು ವರ್ಷಗಳ ಮೇಲೆ, ಪ್ರಶ್ನೆಯೇ ಪ್ರವಾಹವಾಗಿ ಹರಿಯುತ್ತಿದ್ದರೂ, ಆ ಸ್ಥಾನವು ಕದಲಲಿಲ್ಲ.

ಇದರಿಂದಾಗುವ ಹಾನಿಯನ್ನು ಒಂದು ದೃಷ್ಟಾಂತದಿಂದ ತಿಳಿಯಬಹುದು. ಒಂದು ಗ್ರಂಥಭಂಡಾರದ ಯಂತ್ರವು ಮುನ್ನೂರು ಗರಿಗಳ ಓಲೆಪ್ರತಿಯೊಂದರ ಛಾಯಾಚಿತ್ರಗಳನ್ನು ಒಂದೊಂದಾಗಿ ಸರ್ವರಿಗೆ ಹರಿಯಿಸುತ್ತಿದೆ ಎಂದೂ, ಸರ್ವರು ಪ್ರತಿಯೊಂದು ಗರಿಯ ಪಾಠವನ್ನು ಓದಿ ಹಿಂದಕ್ಕೆ ಕಳುಹಿಸುತ್ತಿದೆ ಎಂದೂ ಕಲ್ಪಿಸಿಕೊಳ್ಳಬಹುದು. ನೂರೆಂಬತ್ತನೆಯ ಗರಿಯ ಚಿತ್ರವನ್ನು ತೆರೆಯುವಾಗ ಅದು ಕೆಟ್ಟಿರುವುದು ಕ್ಲೈಂಟಿಗೆ ತಿಳಿಯಿತು. ಈಗ ಅದು ಅರ್ಧಸಮಾಪ್ತಿಯನ್ನು ಮಾಡಿದರೆ, ಸರ್ವರು ನೂರೆಪ್ಪತ್ತೊಂಬತ್ತು ಗರಿಗಳಿಗೇ ಗ್ರಂಥ ಮುಗಿಯಿತೆಂದು ತಿಳಿದು ಅದನ್ನು ಪೂರ್ಣಪ್ರತಿಯೆಂದು ದಾಖಲೆ ಮಾಡುವುದು. ರದ್ದುಮಾಡಿದರೆ ಸರ್ವರಿಗೆ ಕಾರಣವೇ ತಿಳಿಯದು. ಕೂತವನು ಬೇಸರಗೊಂಡು ನಿಲ್ಲಿಸಿದನೋ, ಜಾಲವು ಕಡಿಯಿತೋ, ಗರಿ ಕೆಟ್ಟಿತೋ, ಎಲ್ಲವೂ ಬಹುಮಟ್ಟಿಗೆ ‘ರದ್ದು’ ಎಂಬ ಒಂದೇ ಹೆಸರಿನಿಂದ ದಾಖಲೆಗೆ ಸೇರುವುವು. ಅಲ್ಲದೆ ರದ್ದಾಗುವ ಮುಂಚೆ ಸರ್ವರು ಮಾಡಿದ ಕೆಲಸವು ತಾನಾಗಿ ಹಿಂದೆಗೆಯಲ್ಪಡುವುದಿಲ್ಲ. ಎರಡು ದಾರಿಗಳಲ್ಲಿ ಮೊದಲನೆಯದೇ ಹೆಚ್ಚು ಅಪಾಯಕರ, ಏಕೆಂದರೆ ಅದು ಸುಳ್ಳು ಹೇಳುವುದು, ಎರಡನೆಯದು ಸುಮ್ಮನಿರುವುದು. ಓಲೆಗ್ರಂಥಗಳ ಪರಿಷ್ಕರಣದಲ್ಲಿ ಕೈಯಾಡಿಸಿದವರು ಈ ಭೇದವನ್ನು ಬಲ್ಲರು. ಕೊನೆಯಲ್ಲಿ ಲಿಪಿಕಾರನ ಸಮಾಪ್ತಿವಾಕ್ಯವಿದ್ದರೆ ಪ್ರತಿಯು ಮುಗಿಯಿತೆಂದು ನಿಶ್ಚಯ; ಗರಿ ಸುಮ್ಮನೆ ನಿಂತಿದ್ದರೆ ಗ್ರಂಥವು ಅಷ್ಟೆಯೋ, ಉಳಿದ ಗರಿಗಳು ಕಳೆದುವೋ ಎಂಬ ಸಂಶಯ ಉಳಿಯುವುದು.

ಭಾಷಾಭೇದದಿಂದ ಬರುವ ಮೋಸವೂ ಒಂದುಂಟು. ಜಾವಾ ಭಾಷೆಗಾಗಿ ರಚಿಸಿದ ಜಿಆರ್‌ಪಿಸಿಯಲ್ಲಿ ಪ್ರವಾಹವನ್ನು ಬರೆಯುವ ಸಾಧನವು ಎರಡು ಪಕ್ಷಗಳಿಗೂ ಒಂದೇ ರೂಪದ್ದು; ಅದರಲ್ಲಿ ‘ಆನ್‌ನೆಕ್ಸ್ಟ್’, ‘ಆನ್‌ಕಂಪ್ಲೀಟೆಡ್’, ‘ಆನ್‌ಎರರ್’ ಎಂಬ ಮೂರು ಕ್ರಿಯೆಗಳು. ಸರ್ವರು ‘ಆನ್‌ಎರರ್’ ಎಂದರೆ ಕೊಟ್ಟ ಸ್ಥಿತಿಸಂಖ್ಯೆಯೂ ಮಾತೂ ಹಿಂಬರಹವಾಗಿ ಕ್ಲೈಂಟನ್ನು ತಲಪುವುವು. ಕ್ಲೈಂಟು ಅದೇ ‘ಆನ್‌ಎರರ್’ ಎಂದರೆ ಕರೆಯು ರದ್ದಾಗುವುದು, ಅಷ್ಟೇ. ಅದರೊಳಗೆ ಇಟ್ಟ ಕಾರಣವು ಜಾಲವನ್ನು ದಾಟುವುದಿಲ್ಲ. ಸರ್ವರಿಗೆ ತಿಳಿಯುವುದು ಒಂದನೆಯ ಸ್ಥಿತಿಸಂಖ್ಯೆಯಾದ ‘ಕ್ಯಾನ್ಸಲ್ಡ್’ ಎಂಬುದು ಮಾತ್ರ. ಶಬ್ದ ಒಂದು, ಅರ್ಥ ಎರಡು. ಕಾವ್ಯದಲ್ಲಿ ಶ್ಲೇಷವು ಅಲಂಕಾರ. ಯಂತ್ರಕ್ಕೆ ಕೊಡುವ ಆಜ್ಞೆಯಲ್ಲಿ ಅದು ದೋಷವೇ ಸರಿ. ಗೋ ಭಾಷೆಯ ರಚನೆಯು ಈ ವಿಷಯದಲ್ಲಿ ಪ್ರಾಮಾಣಿಕವಾದುದು. ಅಲ್ಲಿ ಕ್ಲೈಂಟಿಗೆ ಇರುವ ಕ್ರಿಯೆಯ ಹೆಸರೇ ‘ಕ್ಲೋಸ್‌ಸೆಂಡ್’, ಎಂದರೆ ಕಳುಹಿಸುವುದನ್ನು ಮುಚ್ಚುವುದು. ರದ್ದುಮಾಡುವುದಕ್ಕೆ ಕರೆಯ ‘ಕಾಂಟೆಕ್ಸ್ಟ್’ ಎಂಬುದನ್ನು ಬೇರೆಯಾಗಿ ರದ್ದುಮಾಡಬೇಕು. ಆದರೆ ಅಲ್ಲಿಯೂ ಒಂದು ಗಂಟು ಇದೆ. ಸರ್ವರು ಮೊದಲೇ ದೋಷ ಹೇಳಿ ಮುಗಿಸಿದ್ದರೆ, ಅದನ್ನರಿಯದೆ ಕಳುಹಿಸುತ್ತಿರುವ ಕ್ಲೈಂಟಿಗೆ ದೊರೆಯುವುದು ‘ಪ್ರವಾಹ ಮುಗಿದಿದೆ’ ಎಂಬ ಸೂಚನೆ ಮಾತ್ರ. ನಿಜವಾದ ಕಾರಣವನ್ನು ಓದುವ ಕಡೆಯಿಂದ ಕೇಳಿ ತಿಳಿಯಬೇಕು. ಬರೆಯುವ ಕಡೆಯ ಸೂಚನೆಯನ್ನೇ ಕಾರಣವೆಂದು ದಾಖಲೆ ಮಾಡಿ ನಿಜವಾದ ಕಾರಣವನ್ನು ಕಳೆದುಕೊಳ್ಳುವುದು ಕ್ರಮವಿಧಿಕಾರರಿಗೆ ಸುಲಭವಾದ ತಪ್ಪು. ಕೊನೆಯ ಸ್ಥಿತಿ ಬರುವವರೆಗೆ ಓದದೆ, ರದ್ದೂ ಮಾಡದೆ, ಸಂಪರ್ಕವನ್ನೂ ಮುಚ್ಚದೆ ಬಿಟ್ಟರೆ ಆ ಕರೆಯ ಪರಿಕರಗಳು ಕ್ಲೈಂಟಿನ ಸ್ಮೃತಿಯಲ್ಲಿಯೇ ಉಳಿದುಬಿಡುವುವು. ಅನಾಥರು ಸರ್ವರಿನಲ್ಲಿ ಮಾತ್ರ ಹುಟ್ಟುವರೆಂಬ ನಿಯಮವಿಲ್ಲ.

ಇಲ್ಲಿ ಪೂರ್ವಪಕ್ಷವೊಂದು ಏಳುವುದು. ಕ್ಲೈಂಟು ಯಜಮಾನ, ಸರ್ವರು ಸೇವಕ. ಯಜಮಾನನು ಕೆಲಸ ನಿಲ್ಲಿಸೆಂದರೆ ಸಾಕು, ಕಾರಣ ಹೇಳುವ ಋಣ ಅವನಿಗಿಲ್ಲ. ಅಲ್ಲದೆ ಹೇಳಿದ ಮಾತು ತಲಪಿಯೇ ತಲಪುವುದೆಂಬ ನಂಬಿಕೆಯೂ ಇಲ್ಲ. ೧೯೭೫ರಲ್ಲಿ ಅಕ್ಕೊಯುನ್ಲು ಮೊದಲಾದ ಮೂವರು ವಿವರಿಸಿ, ೧೯೭೮ರಲ್ಲಿ ಜಿಮ್ ಗ್ರೇ ಅವರು ‘ಇಬ್ಬರು ಸೇನಾಪತಿಗಳ’ ಕಥೆಯಾಗಿ ಹೆಸರಿಟ್ಟ ನ್ಯಾಯದಂತೆ, ಕಳೆದುಹೋಗಬಹುದಾದ ದೂತರ ಮೂಲಕ ಇಬ್ಬರಿಗೂ ಸಮಾನವಾದ ನಿಶ್ಚಯವನ್ನು ಉಂಟುಮಾಡುವುದು ಅಸಾಧ್ಯ. ಹೀಗಿರುವಲ್ಲಿ ದೋಷದ ಮಾತಿಗಾಗಿ ಹೊಸ ದ್ವಾರವೇಕೆ?

ಇದಕ್ಕೆ ಸಮಾಧಾನ ಕಷ್ಟವಲ್ಲ. ಯಜಮಾನ ಸೇವಕ ಭಾವವು ಒಂದು ಪ್ರಶ್ನೆ ಒಂದು ಉತ್ತರದ ಕರೆಗೆ ಸಲ್ಲುವುದು. ಉಭಯಮುಖ ಪ್ರವಾಹದಲ್ಲಿ ಸರ್ವರಿನ ಮಾತನ್ನು ಕ್ಲೈಂಟು ಪರೀಕ್ಷಿಸಿ ಒಪ್ಪುವ ಅಥವಾ ತಿರಸ್ಕರಿಸುವ ಸಂದರ್ಭಗಳೂ ಇವೆ. ಅಲ್ಲಿ ಯಾರು ಯಜಮಾನರೆಂದು ನಿರ್ಣಯಿಸುವುದೇ ಕಷ್ಟ. ಎರಡನೆಯ ಆಕ್ಷೇಪವಾದರೋ ಸರ್ವರಿನ ದೋಷಸೂಚನೆಗೂ ಸಮಾನವಾಗಿ ತಗಲುವುದು. ಜಿಆರ್‌ಪಿಸಿಯ ಗ್ರಂಥವೇ, ಕರೆಯ ಸಾಫಲ್ಯವನ್ನು ಎರಡು ಪಕ್ಷಗಳೂ ತಮ್ಮತಮ್ಮಲ್ಲಿ ಸ್ವತಂತ್ರವಾಗಿ ನಿರ್ಣಯಿಸುವುವೆಂದೂ, ಆ ನಿರ್ಣಯಗಳು ಒಂದಕ್ಕೊಂದು ಹೊಂದದೆ ಇರಬಹುದೆಂದೂ ಒಪ್ಪಿಕೊಂಡಿದೆ. ಸರ್ವರು ಎಲ್ಲವನ್ನೂ ಕೊಟ್ಟೆನೆಂದು ಸಫಲವೆನ್ನುವಾಗ ಕ್ಲೈಂಟು ಗಡುವು ಮೀರಿತೆಂದು ವಿಫಲವೆನ್ನಬಹುದು. ನಿಶ್ಚಯವು ದುರ್ಲಭವೆಂಬ ಕಾರಣದಿಂದ ನಿವೇದನೆಯನ್ನೇ ಬಿಡಬೇಕೆಂಬುದು ನ್ಯಾಯವಲ್ಲ.

ಕ್ರಮವಿಧಿಗಳನ್ನು ದಿನವೂ ಬರೆಯುವವರು ಪೂರ್ವಪಕ್ಷ ಸಿದ್ಧಾಂತಗಳಿಗೆ ಕಾಯುತ್ತ ಕೂರಲಿಲ್ಲ. ಸೂತ್ರದಲ್ಲಿ ಸ್ಥಾನವಿಲ್ಲದ ಮಾತನ್ನು ಅವರು ಸಂದೇಶದ ಒಳಗೇ ಇಟ್ಟರು. ಗೂಗಲಿನವರ ‘ಬೈಟ್‌ಸ್ಟ್ರೀಮ್’ ಎಂಬ ಕರಾರಿನಲ್ಲಿ ಸಾಮಗ್ರಿಯನ್ನು ಬರೆಯುವ ಕ್ಲೈಂಟು ಕಡೆಯ ಸಂದೇಶದಲ್ಲಿ ‘ಫಿನಿಷ್ ರೈಟ್’ ಎಂಬ ಗುರುತನ್ನು ಸ್ಪಷ್ಟವಾಗಿ ಇಡಬೇಕು. ಆ ಗುರುತಿಲ್ಲದೆ ಪ್ರವಾಹ ನಿಂತರೆ ಬರೆಹವು ಅಪೂರ್ಣವೆಂದೇ ಲೆಕ್ಕ. ಎಲ್ಲಿಯವರೆಗೆ ಸೇರಿದೆಯೆಂದು ಕೇಳಿ ತಿಳಿದು ಮುಂದುವರಿಸಬಹುದು. ಇದು ಲಿಪಿಕಾರನ ಸಮಾಪ್ತಿವಾಕ್ಯವೇ. ಎಟ್‌ಸಿಡಿ ಎಂಬ ಭಂಡಾರದ ‘ವಾಚ್’ ಎಂಬ ಉಭಯಮುಖ ಕರೆಯಲ್ಲಿ ಒಂದೇ ಪ್ರವಾಹದೊಳಗೆ ಅನೇಕ ಕಾವಲುಗಳನ್ನು ಇಡಬಹುದು. ಒಂದು ಕಾವಲನ್ನು ನಿಲ್ಲಿಸಲು ಪ್ರವಾಹವನ್ನು ಕಡಿಯಬೇಕಾಗಿಲ್ಲ, ರದ್ದಿನ ಕೋರಿಕೆಯೇ ಒಂದು ಸಂದೇಶವಾಗಿ ಹೋಗುವುದು.

ಕೆಟ್ಟ ಗರಿಯ ದೃಷ್ಟಾಂತಕ್ಕೂ ಉಪಾಯ ಇದೇ. ಸಂದೇಶವನ್ನು ‘ಗರಿ ಅಥವಾ ದೋಷ’ ಎಂಬ ಎರಡು ಮುಖಗಳುಳ್ಳದ್ದಾಗಿ ರಚಿಸಬೇಕು. ದೋಷವು ಕಂಡಾಗ ಕ್ಲೈಂಟು ಎಷ್ಟನೆಯ ಗರಿ, ಏನು ಕೆಟ್ಟಿತು ಎಂಬುದನ್ನು ದೋಷಮುಖದ ಸಂದೇಶವಾಗಿ ಕಳುಹಿಸಿ, ಅನಂತರ ಅರ್ಧಸಮಾಪ್ತಿಯನ್ನು ಮಾಡಿ, ಸರ್ವರಿನ ಕೊನೆಯ ಸ್ಥಿತಿಯನ್ನು ಗಡುವಿನೊಳಗೆ ಕಾದು ಓದಬೇಕು. ಇಲ್ಲಿ ಕ್ರಮವು ಮುಖ್ಯ. ದೋಷದ ಸಂದೇಶವನ್ನು ಕಳುಹಿಸಿದ ಒಡನೆಯೇ ರದ್ದುಮಾಡಿದರೆ, ದಾರಿಯಲ್ಲಿರುವ ಆ ಸಂದೇಶವೂ ರದ್ದಿನೊಡನೆ ಬಿದ್ದುಹೋಗಬಹುದು. ಹೇಳಿದ ಹಾಗೂ ಆಯಿತು, ಕೇಳಿಸದ ಹಾಗೂ ಆಯಿತು. ರದ್ದು ಉಚಿತವಾಗುವುದು ಸರ್ವರಿನ ಉತ್ತರವು ಗಡುವಿನೊಳಗೆ ಬಾರದಿದ್ದಾಗ, ಅಥವಾ ನಿಜವಾಗಿಯೂ ಹೇಳಬೇಕಾದುದು ಏನೂ ಇಲ್ಲದಾಗ.

ಈ ರೀತಿಯ ರಚನೆಗಳಲ್ಲಿ ಅತ್ಯಂತ ಪರಿಪಕ್ವವಾದುದು ಎನ್‌ವಾಯ್ ಎಂಬ ಮಧ್ಯಸ್ಥ ಕ್ರಮವಿಧಿಯೊಡನೆ ಬೆಳೆದ ಎಕ್ಸ್‌ಡಿಎಸ್ ನಿಯಮಾವಳಿ. ಲಿಫ್ಟ್ ಸಂಸ್ಥೆಯು ಎನ್‌ವಾಯನ್ನು ೨೦೧೬ರಲ್ಲಿ ಸರ್ವರಿಗೂ ಬಿಟ್ಟುಕೊಟ್ಟಿತು. ಇಲ್ಲಿ ಕ್ಲೈಂಟು ಉಭಯಮುಖ ಪ್ರವಾಹವೊಂದನ್ನು ತೆರೆದು ತನಗೆ ಬೇಕಾದ ವ್ಯವಸ್ಥಾವಿವರಗಳನ್ನು ಕೇಳುವುದು. ಸರ್ವರು ಅವು ಬದಲಾದಾಗಲೆಲ್ಲ ಹೊಸ ವಿವರಗಳನ್ನು ಕಳುಹಿಸುತ್ತಲೇ ಇರುವುದು. ಬಂದ ಪ್ರತಿಯೊಂದು ವಿವರವನ್ನೂ ಕ್ಲೈಂಟು ಪರೀಕ್ಷಿಸುವುದು. ಒಪ್ಪಿದರೆ ಹೊಸ ಆವೃತ್ತಿಯ ಗುರುತಿನೊಡನೆ ಮುಂದಿನ ಕೋರಿಕೆಯನ್ನು ಕಳುಹಿಸುವುದು. ಒಪ್ಪದಿದ್ದರೆ ಹಳೆಯ ವಿವರವನ್ನೇ ಇಟ್ಟುಕೊಂಡು, ಹಳೆಯ ಆವೃತ್ತಿಯ ಗುರುತನ್ನೂ, ಯಾವ ಉತ್ತರವನ್ನು ತಿರಸ್ಕರಿಸಿತೆಂಬ ಸಂಕೇತವನ್ನೂ, ‘ಎರರ್ ಡಿಟೇಲ್’ ಎಂಬ ಸ್ಥಾನದಲ್ಲಿ ತಿರಸ್ಕಾರದ ಕಾರಣವನ್ನೂ ಇಟ್ಟು ಕಳುಹಿಸುವುದು. ಪ್ರವಾಹವು ಮುರಿಯುವುದಿಲ್ಲ, ಸರ್ವರು ತಿದ್ದಿದ ವಿವರವನ್ನು ಅದೇ ಪ್ರವಾಹದಲ್ಲಿ ಮತ್ತೆ ಕಳುಹಿಸಬಹುದು. ಐಬಿಎಂನವರ ‘ಸೆಂಡ್ ಎರರ್’ ಎಂಬ ಕ್ರಿಯಾಪದದ ಕಾರ್ಯವೇ ಇಲ್ಲಿ ಸರದಿಯ ಕಟ್ಟಿಲ್ಲದೆ ನಡೆಯುತ್ತದೆ. ಮುಂದೆ ಇದೇ ನಿಯಮಾವಳಿಯಲ್ಲಿ, ಪ್ರತಿಸಲವೂ ಸಮಗ್ರವಿವರವನ್ನು ಕಳುಹಿಸದೆ ಬದಲಾದಷ್ಟನ್ನೇ ಕಳುಹಿಸುವ ಎರಡನೆಯ ರೂಪವೊಂದು ಬಂದಿತು. ಅಲ್ಲಿ ಆವೃತ್ತಿಯ ಗುರುತಿನ ಪಾತ್ರ ಕುಗ್ಗಿದರೂ ‘ಎರರ್ ಡಿಟೇಲ್’ ಮಾತ್ರ ಹಾಗೆಯೇ ಉಳಿಯಿತು. ಆ ಸ್ಥಾನದಲ್ಲಿ ಕ್ಲೈಂಟು ಇಡುವ ಪದಾರ್ಥವು, ಜಿಆರ್‌ಪಿಸಿಯಲ್ಲಿ ಸರ್ವರುಗಳು ತಮ್ಮ ದೋಷಗಳನ್ನು ವಿವರವಾಗಿ ಹೇಳಲು ಬಳಸುವ ‘ಸ್ಟೇಟಸ್’ ಎಂಬ ರಚನೆಯೇ. ಅದರಲ್ಲಿ ಮೊದಲನೆಯದು ದೋಷದ ಸಂಖ್ಯೆ, ಎರಡನೆಯದು ವಿವರಣೆಯ ಮಾತು.